ಅವಾರ್ಡ್ ಪಿಚ್ಚರ್ ಅಂದ್ರ ನಿದ್ದಿ ಬರ್ತೈತೇನ್ರಿ?

ಟಿವಿಯಾಗ ನೋಡೂವಂಥಾ ಹಳೇ ಪಿಚ್ಚರ್, ಮಂದಿಗೆ ಅಷ್ಟಾಗಿ ಗೊತ್ತಿರಲಾರದ ಪಿಚ್ಚರ್ ಬಗ್ಗೆ ಏನರ ಕೇಳೂದಿದ್ರ ಬರೀರಿ ಅಂತ ಹೋದ ಸಂಚಿಕೆಯಾಗ ಕೇಳಿದ್ವಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡಿಂದ ಕಾಗದ, ವಾಟ್ಸಾಪ್ ಎಲ್ಲಾ ಬಂದಾವ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಬರದಿದ್ದಕ್ಕ ಊರಷ್ಟ ಹಾಕೇವಿ.

ಪ್ರಶ್ನೆ: ಹುಡುಗ್ರು ಸಾಲಿಗೆ, ಇವ್ರು ಡ್ಯೂಟಿಗೆ ಹೋದ ಮ್ಯಾಲೆ ಟಿವಿ ಹಚ್ಚಿದ್ರ ಬರೀ ಡಬ್ಬಿಂಗ್ ಪಿಚ್ಚರ್, ಬಡಿದಾಟ. ಹಳೇ ಛಲೋ ಪಿಚ್ಚರ್ ಹೇಳ್ರಿ ಸರ್. ಆದ್ರ ಅವಾರ್ಡ್ ಪಿಚ್ಚರ್ ಮಾತ್ರ ಬ್ಯಾಡ್ರಿ, ಒಮ್ಮೆ ಹಚ್ಚಿದ್ದೆ, ಸ್ವಲ್ಪ ಹೊತ್ತಿಗೆ ನಿದ್ದಿ ಬಂತು. (ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅಕ್ಕಾರ, ಊಟಾ ಮಾಡಿ ಮಧ್ಯಾಹ್ನ ಎರಡಕ್ಕ ಫ್ಯಾನ್ ಕೆಳಗ ಅಡ್ಡಾದ್ರ ಯಾವ ಪಿಚ್ಚರಿಗೂ ನಿದ್ದಿ ಬರ್ತೈತಿ, ಅದರಾಗ ಅವಾರ್ಡಿಂದೇನ ತಪ್ಪಿಲ್ಲ ಬಿಡ್ರಿ. ನನ್ನ ಪ್ರಕಾರ ಎಲ್ಲಾರೂ ತಿಳಿದವ್ರು ಛಲೋ ಅಂದ್ರು ಅಂತ ಪಿಚ್ಚರ್ ಹಚ್ತಾರ, ಅಲ್ಲೇ ಕೆಡ್ತೈತಿ. ನಮಗ ಮೊದಲ ಗೊತ್ತಿದ್ದದ್ದು, ನಮಗ ಸೇರಿದ್ದು ಯಾವ ಪಿಚ್ಚರ್‌ನ್ಯಾಗ ಐತಿ ಅಂತ ನೋಡಿ ಅದರಿಂದ ಚಾಲೂ ಮಾಡಬೇಕು, ಅದು ಹಾಡರ ಆಗಲಿ, ನಟ ಆಗಲಿ, ಓದಿದ ಕಾದಂಬರಿ ಆಗಲಿ.

ನಿಮಗ ಮೊದಲನೇದು ಪರಸಂಗದ ಗೆಂಡೆತಿಮ್ಮ, 1978ರದು, ಶ್ರೀಕೃಷ್ಣ ಆಲನಹಳ್ಳಿ ಅವ್ರ ಕಾದಂಬರಿ, ಲೋಕೇಶ್ ಹೀರೋ. "ತೇರ ಏರಿ ಅಂಬರದಾಗೆ" ಹಾಡು ನೀವು ರೇಡಿಯೋದಾಗ ಕೇಳೇ ಇರ್ತೀರಿ, ಅದು ಇದರದ. ಊರೂರು ತಿರುಗಿ ಸಾಮಾನು ಮಾರೂ ಒಬ್ಬ ಸಾದಾ ಮನಶಾ, ಪ್ಯಾಟಿ ಗಾಳಿ ಬಡದ ಹೆಂಡತಿ, ಇವರಿಬ್ಬರ ನಡುವ ಹಳ್ಳಿಗೆ ಒಂದೊಂದ ಹೊಸಾ ಸಾಮಾನು ಬರ್ತಾವ, ಮೊದಲ ನಗು ಬರ್ತೈತಿ, ಆಮ್ಯಾಲೆ ಆ ನಗು ಎಲ್ಲಿಗೆ ಹೊಂಟೈತಿ ಅಂತ ಗೊತ್ತಾಗಿ ಗಂಟಲಾ ಕಟ್ತೈತಿ. ಎರಡನೇದು ಸಿದ್ದಲಿಂಗಯ್ಯ ಅವ್ರ ಭೂತಯ್ಯನ ಮಗ ಅಯ್ಯು, 1974. ಇದಕ್ಕ ನಿದ್ದಿ ಬಂದ್ರ ನನಗ ಬರೀರಿ.

ಇವೆರಡೂ ನೋಡಿದ ಮ್ಯಾಲೆ, ಒಂದ ದಿನಾ ರಾತ್ರಿ ಕೆಲಸಾ ಎಲ್ಲಾ ಮುಗಿಸಿ ಗಿರೀಶ ಕಾಸರವಳ್ಳಿ ಅವ್ರ ಘಟಶ್ರಾದ್ಧ ಹಚ್ರಿ. ಹೌದು, ಅವಾರ್ಡ್ ಪಿಚ್ಚರೇ, 1977ರದು, ದೇಶದ ಅತ್ಯುತ್ತಮ ಪಿಚ್ಚರಿಗೆ ಕೊಡೂ ಸ್ವರ್ಣ ಕಮಲ ಬಂದದ್ದು, ಬ್ಲ್ಯಾಕ್ ಅಂಡ್ ವೈಟು. ವೇದಾ ಕಲಿಯಾಕ ಬಂದ ನಾಣಿ ಅನ್ನೋ ಸಣ್ಣ ಹುಡುಗ, ಗುರುಗಳ ವಿಧವಾ ಮಗಳು ಯಮುನಕ್ಕ. ಮನಿ ಬಿಟ್ಟು ಬಂದ ಹುಡುಗಗ ಅಕಿನೇ ಅವ್ವ ಆಗ್ಯಾಳ, ಅಕಿಗೆ ಬಸಿರು ನಿಂತೈತಿ, ಹುಡುಗಗ ಅದೇನೂ ತಿಳಿಯೂದಿಲ್ಲ, ಆದ್ರ ಏನೋ ಕೆಟ್ಟದ್ದು ಆಗಾಕ ಹತ್ತೈತಿ ಅನ್ನೂದು ತಿಳಿತೈತಿ. ಅಕಿ ಹುತ್ತದಾಗ ಕೈ ಇಡೂ ಸೀನ್ ಒಂದ ಐತಿ ನೋಡ್ರಿ, ಹಿನ್ನೆಲಿಯಾಗ ದೊಡ್ಡ ಮ್ಯೂಸಿಕ್ ಇಲ್ಲಾ, ಚೀರಾಟ ಇಲ್ಲಾ, ಆ ಕೈ, ಆ ಹುಡುಗನ ಮುಖಾ, ಅಷ್ಟ. ನೀವು ನಾಣಿ ಜೋಡಿ ನಡಕೋತ ಹೋಗ್ರಿ, ದೊಡ್ಡ ಅರ್ಥಾ ಹುಡುಕಾಕ ಹೋಗಬ್ಯಾಡ್ರಿ. ಅರ್ಥಾ ಹುಡುಕಾಕ ಹೋದವರಿಗೇ ನಿದ್ದಿ ಬರೂದು. ಇದನ್ನ ಈಗ ರಿಪೇರಿ ಮಾಡಿ ಸ್ವಚ್ಛ ಪ್ರಿಂಟ್ ತಗದಾರ, 2024ರಾಗ ವೆನಿಸ್ ಚಿತ್ರೋತ್ಸವದಾಗ ತೋರಿಸ್ಯಾರ. ನಮ್ಮ ಟಿವಿಗೆ ಬರೂದು ಇನ್ನೂ ಆ ಹಳೇ ಮಸಕು ಪ್ರಿಂಟೇ, ಆದ್ರೂ ನೋಡ್ರಿ.

ಪ್ರಶ್ನೆ: ಗದಗ ಅಂದ್ರ ಸಂಗೀತ. ನಮ್ಮೂರಿನ ಗಾಯಕರ ಸಂಬಂಧ ಇರುವ ಚಲನಚಿತ್ರಗಳು ಯಾವವು? ಮೊಮ್ಮಗನಿಗೆ ತೋರಿಸಬೇಕಾಗಿದೆ. (ನಿವೃತ್ತ ಶಿಕ್ಷಕರು, ಬೆಟಗೇರಿ)

ಉತ್ತರ: ಮಾಸ್ತರ್ರ, ನೀವು ಕೇಳಿದ್ದು ಭಾಳ ಛಲೋ ಆತು. ಮೊದಲ ಸಂಧ್ಯಾರಾಗ, 1966. ಅ.ನ.ಕೃ. ಅವ್ರ ಕಾದಂಬರಿ, ರಾಜಕುಮಾರ್ ಸಂಗೀತಗಾರ. ಅದರಾಗ ನಿಮ್ಮ ಗದಗಿನ ಭೀಮಸೇನ ಜೋಶಿ ಅವ್ರು ಹಾಡ್ಯಾರ, "ನಂಬಿದೆ ನಿನ್ನ ನಾದದೇವತೆಯೆ". ಅದೇ ಹಾಡನ್ನ ಬಾಲಮುರಳಿಕೃಷ್ಣ ಅವ್ರೂ ಹಾಡ್ಯಾರ ಅದೇ ಪಿಚ್ಚರ್‌ನ್ಯಾಗ. ಮೊಮ್ಮಗಗ ಎರಡೂ ಒಂದರ ಹಿಂದ ಒಂದ ಕೇಳಸ್ರಿ, ಹಿಂದೂಸ್ತಾನಿಗೂ ಕರ್ನಾಟಕಿಗೂ ಏನ ಫರಕ ಅಂತ ಬಾಯಿಲೆ ಹೇಳೂದೇ ಬ್ಯಾಡಾ.

ಎರಡನೇದು ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ, 1995. ಲೋಕೇಶ್ ಅವ್ರು ಗವಾಯಿಗಳ ಪಾತ್ರ ಮಾಡ್ಯಾರ. ಹಂಸಲೇಖ ಅವ್ರಿಗೆ ಸಂಗೀತಕ್ಕ ರಾಷ್ಟ್ರ ಪ್ರಶಸ್ತಿ ಬಂದದ್ದು ಇದಕ್ಕ, "ಉಮಂಡ್ ಘುಮಂಡ್" ಅನ್ನೋ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವ್ರಿಗೂ ಬಂತು. ಸಾಧಾ ಮೆಲೋಡಿ ಹಾಡಿ ನಮ್ಮ ಕಿವಿಗೆ ರೂಢಿ ಆದ ಎಸ್‌ಪಿಬಿ ಇಲ್ಲಿ ಹಿಂದೂಸ್ತಾನಿ ಬಂದಿಶ್ ಹಿಡದಾರ ನೋಡ್ರಿ, ಹುಬ್ಬೇರಿಸಬೇಕು ಹಂಗ ಐತಿ. ಪಿಚ್ಚರ್ ಅಂತ ನೋಡಿದ್ರ ನಡುನಡುವ ಭಕ್ತಿ ನಾಟಕದ ಧಾಟಿ ಐತಿ, ಸ್ವಲ್ಪ ಉದ್ದಾನೂ ಆತು ಅನಸ್ತೈತಿ, ಸುಳ್ಳು ಯಾಕ ಹೇಳ್ಲಿ. ಆದ್ರ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಹುಡುಗ ಗದಗಿನ್ಯಾಗ ಕುಂತು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಕಥಿ, ವೀರೇಶ್ವರ ಪುಣ್ಯಾಶ್ರಮದ ಮುಂದಿಂದ ದಿನಾ ಅಡ್ಡಾಡೂ ಮಂದಿ ನೋಡಲಾರದೆ ಇದ್ರ ಹೆಂಗ? ಪಿಚ್ಚರ್ ನೋಡಿದ ಮ್ಯಾಲೆ ಮೊಮ್ಮಗನ್ನ ಅಲ್ಲಿಗೇ ಕರಕೊಂಡ ಹೋಗ್ರಿ, ಹಾಡು ಕಲಿಯೂದು ಕಿವಿಯಾರೆ ಕೇಳ್ತೈತಿ.

ಜಿ.ವಿ. ಅಯ್ಯರ್ ಅವ್ರ ಹಂಸಗೀತೆ (1975) ಗದಗಿಂದಲ್ಲ, ಚಿತ್ರದುರ್ಗದ್ದು, ಕರ್ನಾಟಕಿ ಸಂಗೀತ. ಅನಂತನಾಗ್ ಅದಾರ. ಬಾಲಮುರಳಿ ಅವ್ರಿಗೆ ಹಿನ್ನೆಲಿ ಗಾಯನಕ್ಕ ರಾಷ್ಟ್ರ ಪ್ರಶಸ್ತಿ ತಂದದ್ದು. ಅದು ನಿಮಗಷ್ಟ, ಮೊಮ್ಮಗ ಸ್ವಲ್ಪ ದೊಡ್ಡಾಂವ ಆಗಲಿ.

ಪ್ರಶ್ನೆ: ಸತಿ ಸುಲೋಚನ ಯಾವ ಚಾನೆಲ್‌ನ್ಯಾಗ ಬರ್ತೈತಿ? (ರಾಣೆಬೆನ್ನೂರು)

ಉತ್ತರ: ಯಾವುದರಾಗೂ ಬರೂದಿಲ್ರಿ. 1934ರಾಗ ಬಂದ ಕನ್ನಡದ ಮೊದಲ ಮಾತಿನ ಪಿಚ್ಚರ್ ಅದು, ಶೂಟಿಂಗ್ ಆಗಿದ್ದು ನಮ್ಮ ಮಗ್ಗಲಿನ ಕೊಲ್ಹಾಪುರದಾಗ, ಆದ್ರ ಪ್ರಿಂಟೇ ಉಳದಿಲ್ಲ. ಯಾರರ ಫುಲ್ ಮೂವಿ ಅಂತ ಲಿಂಕ್ ಕಳಿಸಿದ್ರ ಒತ್ತಬ್ಯಾಡ್ರಿ.

ಪ್ರಶ್ನೆ: ಸರ್, ನಮ್ಮ ಉತ್ತರ ಕರ್ನಾಟಕದ ಭಾಷಾ ಪಿಚ್ಚರ್‌ನ್ಯಾಗ ಅಂದ್ರ ಬರೀ ಕಾಮಿಡಿಗೆ. ಮಾತಿನ ಕೊನಿಗೊಂದು "ರೀ" ಹಚ್ಚಿ, ಒಂದ ಬೈಗಳಾ ಸೇರಿಸಿ ಮುಗಸ್ತಾರ. ನಾವು ಮನ್ಯಾಗ ಮಾತಾಡೂ ಹಂಗ ಮಾತಾಡೂ ಪಿಚ್ಚರ್ ಒಂದರ ಅದಾವೇನ್ರಿ? (ಬ್ಯಾಂಕ್ ನೌಕರ, ಸಪ್ತಾಪುರ, ಧಾರವಾಡ)

ಉತ್ತರ: ಅದಾವ್ರಿ, ಭಾಳ ಛಲೋ ಅದಾವ. ಈ ಸಿಟ್ಟು ನನಗೂ ಐತಿ ಅದಕ್ಕ ಸ್ವಲ್ಪ ಉದ್ದಕ್ಕ ಬರೀತೀನಿ, ಸಂಪಾದಕರು ಕತ್ತರಿ ಹಾಕದಿದ್ರ ಸಾಕು.

ಮೊದಲ ನಾಗಮಂಡಲ, 1997, ಟಿ.ಎಸ್. ನಾಗಾಭರಣ. ಕಥಿ ಗಿರೀಶ ಕಾರ್ನಾಡರ ನಾಟಕದ್ದು. ಹೊಸದಾಗಿ ಲಗ್ನಾ ಆಗಿ ಬಂದ ರಾಣಿನ್ನ ಗಂಡ ಮನ್ಯಾಗ ಕೀಲಿ ಹಾಕಿ ಹೋಗ್ತಾನ, ರಾತ್ರಿ ಅವನ ರೂಪದಾಗ ನಾಗಪ್ಪ ಬರ್ತಾನ, ಎರಡೂ ಪ್ರಕಾಶ್ ರೈ. ಹಗಲಿನ ಗಂಡಗೂ ರಾತ್ರಿ ಗಂಡಗೂ ಮೀಸಿ ಬ್ಯಾರೆ ಮಾಡಿ, ಡ್ರೆಸ್ ಬ್ಯಾರೆ ಮಾಡಿ ಫರಕ ತೋರಸಬಹುದಿತ್ತು, ಆದ್ರ ಇಲ್ಲೆ ಫರಕ ಗೊತ್ತಾಗೂದು ಮಾತಿನ ಮೆತ್ತಗಿನ್ಯಾಗ, ನೋಡೂ ನೋಟದಾಗ. ಹಗಲಿನಾಂವ ಮಾತಾಡೂದೇ ಆರ್ಡರ್, ರಾತ್ರಿಯಾಂವ ಕೇಳಸ್ಕೋತಾನ. ಮತ್ತ "ಕಂಬದ ಮ್ಯಾಲಿನ ಗೊಂಬೆಯೆ" ಹಾಡು. ಖಾಲಿ ಮನ್ಯಾಗ ಮಾತಾಡಾಕ ಯಾರೂ ಇಲ್ಲಾ, ಹುಡುಗಿ ಕಂಬದ ಗೊಂಬಿ ಜೋಡಿ ಮಾತಾಡ್ತಾಳ. ಸಿ. ಅಶ್ವಥ್ ಅವ್ರ ಸಂಗೀತ. ನಮ್ಮ ಭಾಷಾದಾಗ ಬರೀ ಜಗಳಾ ಅಲ್ಲಾ, ಇಷ್ಟು ನಾಜೂಕಿನ ದುಃಖಾನೂ ಹಿಡೀತೈತಿ ಅಂತ ಬೆಂಗಳೂರಿನ ಗೆಳ್ಯಾರಿಗೆ ತೋರಸಬೇಕಂದ್ರ ಈ ಹಾಡ ಸಾಕು.

ಆಮ್ಯಾಲೆ ಕನಸೆಂಬ ಕುದುರೆಯನೇರಿ, 2010, ಕಾಸರವಳ್ಳಿ ಅವ್ರದು, ಅಮರೇಶ ನುಗಡೋಣಿ ಅವ್ರ ಕಥಿ. ವೈಜನಾಥ ಬಿರಾದಾರ ಅವ್ರನ್ನ ಎಷ್ಟ ಪಿಚ್ಚರ್‌ನ್ಯಾಗ ಭಿಕ್ಷುಕ, ಕುಡುಕ ಅಂತ ನೋಡಿ ನಕ್ಕೀವಿ, ಇಲ್ಲೆ ಅವ್ರು ಕುಣಿ ತೋಡೂ ಈರ್ಯಾ. ಕನಸಿನ್ಯಾಗ ಸಿದ್ಧ ಬಂದ್ರ ಊರಾಗ ಒಂದು ಸಾವು ಖರೆ ಅಂತ ಅವನ ನಂಬಿಕಿ. ಒಂದ ದಿನಾ ಕನಸು ಬೀಳ್ತೈತಿ, ಹೋಗಿ ನೋಡಿದ್ರ ಯಾರೂ ಸತ್ತಿಲ್ಲ ಅಂತಾರ. ಅಲ್ಲಿಂದ ಪಿಚ್ಚರ್ ಏನ್ ಮಾಡ್ತೈತಿ ಅನ್ನೂದನ್ನ ನಾನು ಹೇಳಂಗಿಲ್ಲ, ಆದ್ರ ನಡುವ ಒಂದ ಕಡೆ "ಇದನ್ನ ಈಗಾಗ್ಲೇ ನೋಡಿದ್ವೆಲ್ಲಾ, ಚಾನೆಲ್ನವ್ರು ರಿಪೀಟ್ ಹಾಕ್ಯಾರೇನು" ಅನಸ್ತೈತಿ, ಆವಾಗ ರಿಮೋಟ್ ಮುಟ್ಟಬ್ಯಾಡ್ರಿ, ಅದು ಬೇಕಂತ ಮಾಡಿದ್ದು. ಉಮಾಶ್ರೀ ಅವ್ರೂ ಅದಾರ.

ಹೊಸಾದ್ರಾಗ ಶಿವಮ್ಮ, ಜೈಶಂಕರ ಆರ್ಯರ್ ಅವ್ರ ನಿರ್ದೇಶನ. ಗದಗಿನಿಂದ ಭಾಳ ದೂರ ಇಲ್ಲದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಾಗ ತಗದದ್ದು. ಗಂಡಗ ಲಕ್ವಾ ಹೊಡದೈತಿ, ಹೆಂಗಸು ಶಕ್ತಿ ಬರೂ ಪೌಡರಿನ ನೆಟ್‌ವರ್ಕ್ ಮಾರ್ಕೆಟಿಂಗ್‌ನ್ಯಾಗ ಇದ್ದಬದ್ದ ರೊಕ್ಕಾ ಹಾಕ್ತಾಳ. ಇಂಥಾ ಡಬ್ಬಿ ಹಿಡ್ಕೊಂಡು ಬಾಗಲಾ ಬಡದವ್ರು ನಮ್ಮ ಓಣಿಗೆ ಬಂದಿಲ್ಲಾ ಅನ್ನಾವ್ರು ಯಾರದಾರ? 2022ರಾಗ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದೈತಿ. ಅಲ್ಲಿ ಕೊರಿಯಾದವ್ರು ಮೆಚ್ಚಿದ್ರು, ಇಲ್ಲೆ ಹುಬ್ಬಳ್ಳಿಯವ್ರಿಗೆ ಹೆಸರೂ ಗೊತ್ತಿಲ್ಲ.

ಕಂಬಾರರು ತಾವೇ ಬರದು ತಾವೇ ನಿರ್ದೇಶನಾ ಮಾಡಿದ ಕಾಡು ಕುದುರೆ ಸಿಕ್ಕರ ಬಿಡಬ್ಯಾಡ್ರಿ, ಸಿಗೂದು ಕಷ್ಟ. ಅದರ ಟೈಟಲ್ ಹಾಡಿಗೇ ಶಿವಮೊಗ್ಗ ಸುಬ್ಬಣ್ಣ ಅವ್ರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು. ಮತ್ತ ತಾಯಿ ಸಾಹೇಬ (1997), ಜಯಮಾಲಾ ಅವ್ರ ಜೋಡಿ ನಿಮ್ಮ ಧಾರವಾಡದ ಸುರೇಶ ಹೆಬ್ಳೀಕರ ಅದಾರ, ಅದಕ್ಕೂ ಸ್ವರ್ಣ ಕಮಲ. ವಾಡೆ, ಸ್ವಾತಂತ್ರ್ಯ ಚಳವಳಿ, ಆಮ್ಯಾಲೆ ಭೂಸುಧಾರಣೆ, ನಮ್ಮ ಅಜ್ಜಾರು ಹೇಳೂ ಕಾಲ ಅದು.

ಪ್ರಶ್ನೆ: ಶಿಶುನಾಳ ನಮ್ಮ ಜಿಲ್ಲೆ. ಶರೀಫರ ಪಿಚ್ಚರ್ ನೋಡಿ ಬರ್ರಿ ಅಂತ ಕಾಲೇಜಿನ್ಯಾಗ ಹೇಳ್ಯಾರ. ಮೂರು ತಾಸು ಕುಂತು ನೋಡೂವಂಥಾದ್ದ ಐತೇನ್ರಿ, ಇಲ್ಲಾ ಹಾಡಷ್ಟ ಕೇಳಿದ್ರ ಸಾಕೇನ್ರಿ? (ಪಿಯುಸಿ ವಿದ್ಯಾರ್ಥಿನಿ, ಹಾವೇರಿ)

ಉತ್ತರ: ತಂಗಿ, ಹಾಡಷ್ಟ ಕೇಳಿ ಬರದ್ರ ನಿಮ್ಮ ಲೆಕ್ಚರರ್‌ಗೆ ಗೊತ್ತಾಗ್ತೈತಿ ನೋಡು. ಸಂತ ಶಿಶುನಾಳ ಶರೀಫ 1990ರದು, ಇದೂ ನಾಗಾಭರಣ ಅವ್ರದೇ. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂದೈತಿ. ಆ ಪದಾ ಎಲ್ಲಾ ನಿಮ್ಮ ಮನ್ಯಾಗ ಅಜ್ಜಿ ಹಾಡಿದ್ದು ಕೇಳಿರ್ತಿ, ಆದ್ರ ಯಾವ ಹೊತ್ತಿನ್ಯಾಗ, ಯಾವ ನೋವಿನ್ಯಾಗ ಅಂಥಾ ಪದಾ ಹುಟ್ಟಿರಬಹುದು ಅಂತ ಪಿಚ್ಚರ್ ಕಟ್ಟಿ ತೋರಸ್ತೈತಿ. ಕಾರ್ನಾಡರನ್ನ ವಿಶೇಷ ನೋಡು. ಮುಸಲ್ಮಾನರ ಹುಡುಗನ್ನ ಶಿಷ್ಯಾ ಮಾಡಕೊಂಡ ಬ್ರಾಹ್ಮಣಾ ಅಂದ ಕೂಡ್ಲೆ ಬ್ಯಾರೆಯವ್ರಾಗಿದ್ರ ಭಾಷಣಾ ಹೊಡೀತಿದ್ರು, ಇವ್ರು ಒಂಥರಾ ಹುಂಬತನದಾಗ, ಊರವ್ರು ಏನರ ಅನ್ಲಿ ಅನ್ನೋ ಗತ್ತಿನ್ಯಾಗ ಮಾಡ್ಯಾರ.

ನಿಮ್ಮ ಜಿಲ್ಲೆದೇ ಇನ್ನೊಂದು ಬೇಕಂದ್ರ ಭಕ್ತ ಕನಕದಾಸ, 1960. ಬಾಡ, ಕಾಗಿನೆಲೆ ಎರಡೂ ನಿಮ್ಮಲ್ಲೇ ಅದಾವಲ್ಲ. ರಾಜಕುಮಾರ್ ಕನಕ, ದನಿ ಪಿ.ಬಿ. ಶ್ರೀನಿವಾಸ್. "ಬಾಗಿಲನು ತೆರೆದು" ಕೇಳಾಕರ ನೋಡು.

ಪ್ರಶ್ನೆ: ಎರಡೂವರಿ ತಾಸಿನ ಪಿಚ್ಚರ್ ಟಿವಿಯಾಗ ನಾಕ ತಾಸು ಆಗ್ತೈತಿ. ಹಾಡು ಕತ್ತರಸ್ತಾರ. ಇದರ ಮ್ಯಾಲೆ ಹೊಸಾ ದೊಡ್ಡ ಟಿವಿ ತಂದ ಮ್ಯಾಲೆ ಹಳೇ ಪಿಚ್ಚರ್‌ನ್ಯಾಗ ಎಲ್ಲಾರ ಮುಖಾ ಅಗಲಾ ಕಾಣಾಕ ಹತ್ಯಾವ. ಟಿವಿ ಕೆಟ್ಟೈತೇನ್ರಿ? (ರೈತ, ನವಲಗುಂದ)

ಉತ್ತರ: ಟಿವಿ ಕೆಟ್ಟಿಲ್ಲ ಕಾಕಾ, ಸೆಟ್ಟಿಂಗ್ ತಪ್ಪೈತಿ. ಆಗಿನ ಬ್ಲ್ಯಾಕ್ ಅಂಡ್ ವೈಟ್ ಪಿಚ್ಚರ್ ಚೌಕಾಕಾರ, 4:3 ಅಂತಾರ. ನಿಮ್ಮ ಟಿವಿ ಅಡ್ಡುದ್ದ, 16:9. ಪೂರಾ ತೆರಿ ತುಂಬಸಬೇಕಂತ ಟಿವಿ ತಾನ ಚಿತ್ರಾನ ಎಳೀತೈತಿ, ರಾಜಕುಮಾರ್ ಅವ್ರ ಮುಖಾನೂ ಹಂಗ ಅಗಲಾಗ್ತೈತಿ. ರಿಮೋಟಿನ್ಯಾಗ ಪಿಕ್ಚರ್ ಸೈಜ್ ಇಲ್ಲಾ ಆಸ್ಪೆಕ್ಟ್ ರೇಶಿಯೋ ಅಂತ ಇರ್ತೈತಿ, ಅಲ್ಲಿ 4:3 ಒತ್ರಿ. ಎರಡೂ ಮಗ್ಗಲಕ್ಕ ಕರೀ ಪಟ್ಟಿ ಬರ್ತಾವ, ಬರ್ಲಿ ಬಿಡ್ರಿ, ರೊಕ್ಕಾ ಕೊಟ್ಟ ತಂದ ತೆರಿ ವೇಸ್ಟ್ ಆತು ಅನ್ಕೋಬ್ಯಾಡ್ರಿ. ಝೂಮ್ ಮಾತ್ರ ಒತ್ತಬ್ಯಾಡ್ರಿ, ತಲಿ ಕಟ್ ಆಗ್ತೈತಿ. ಇನ್ನೊಂದು, ಹೊಸಾ ಟಿವಿಗಳೊಳಗ ಮೋಷನ್ ಅಂತ ಏನರ ಒಂದ ಆಪ್ಶನ್ ಆನ್ ಇರ್ತೈತಿ, ಅದನ್ನ ಆಫ್ ಮಾಡ್ರಿ. ಅದು ಇದ್ರ ಹಳೇ ಪಿಚ್ಚರೂ ಸಂಜಿ ಸೀರಿಯಲ್ ಹಂಗ ಕಾಣ್ತೈತಿ.

ಅಡ್ವರ್ಟೈಸ್‌ಮೆಂಟಿಗೆ ನನ್ನ ಹತ್ರ ಔಷಧಾ ಇಲ್ರಿ. ಡಿಡಿ ಫ್ರೀ ಡಿಶ್ ಇದ್ರ ಚಂದನ ಬರ್ತೈತಿ, ಅದರ ಕಡೆ ಕಣ್ಣಿಡ್ರಿ. ಹಿಂದ ಭಾನುವಾರ ಮಧ್ಯಾಹ್ನ ದೂರದರ್ಶನದಾಗ ಬ್ಯಾರೆ ಬ್ಯಾರೆ ಭಾಷಾದ ಪ್ರಶಸ್ತಿ ಪಿಚ್ಚರ್ ಹಾಕ್ತಿದ್ರು, ಕೆಳಗ ಇಂಗ್ಲಿಷ್ ಅಕ್ಷರ, ಬಂಗಾಲಿ, ಮಲಯಾಳಿ ಏನೂ ತಿಳೀದಿದ್ರೂ ಇಡೀ ಓಣಿ ಒಂದ ಮನ್ಯಾಗ ಕುಂತು ನೋಡ್ತಿತ್ತು, ಯಾಕಂದ್ರ ಬ್ಯಾರೆ ಚಾನೆಲ್ಲೇ ಇರಲಿಲ್ಲ. ಈಗ ಪ್ರಸಾರ ಭಾರತಿಯವ್ರು ವೇವ್ಸ್ ಅಂತ ಆ್ಯಪ್ ತಗದಾರ, ಮಗನ ಮೊಬೈಲ್‌ನ್ಯಾಗ ಹಾಕಿಸ್ಕೋರಿ.

ಪ್ರಶ್ನೆ: ಬಾನು ಮುಷ್ತಾಕ್ ಅವ್ರಿಗೆ ಬುಕರ್ ಬಂದ ಮ್ಯಾಲೆ ಅವ್ರ ಕಥಿ ಪಿಚ್ಚರ್ ಆಗೈತಿ ಅಂತ ಕೇಳಿದೆ. ಖರೇನಾ? (ನವನಗರ, ಹುಬ್ಬಳ್ಳಿ)

ಉತ್ತರ: ಖರೇ. ಹಸೀನಾ, 2004, ಕಾಸರವಳ್ಳಿ. 2025ರಾಗ ಅಂತರರಾಷ್ಟ್ರೀಯ ಬುಕರ್ ಬರೂದಕ್ಕ ಇಪ್ಪತ್ತ ವರ್ಷ ಮೊದಲ ಅವ್ರ "ಕರಿ ನಾಗರಗಳು" ಕಥಿ ತೆರಿ ಮ್ಯಾಲೆ ಬಂದಿತ್ತು, ತಾರಾ ಅವ್ರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತ್ತು. ಅದರ ಜೋಡಿನೇ ಗುಲಾಬಿ ಟಾಕೀಸ್ (2008) ನೋಡ್ರಿ, ವೈದೇಹಿ ಅವ್ರ ಕಥಿ ಆಧಾರ, ಉಮಾಶ್ರೀ ಅವ್ರಿಗೆ ರಾಷ್ಟ್ರ ಪ್ರಶಸ್ತಿ. ಕರಾವಳಿಯ ಮೀನುಗಾರರ ಊರಾಗ ಸೂಲಗಿತ್ತಿ ಗುಲಾಬಿಗೆ ಪಿಚ್ಚರ್ ಹುಚ್ಚು, ಬಾಣಂತನಾ ಮಾಡಿದ ಮನಿಯವ್ರು ಕಲರ್ ಟಿವಿ, ಡಿಶ್ ಕೊಡಸ್ತಾರ, ಓಣಿ ಹೆಂಗಸರೆಲ್ಲಾ ಅಕಿ ಮನ್ಯಾಗ. ಟಿವಿ ಹೆಂಗ ಮಂದಿನ್ನ ಕೂಡಸ್ತೈತಿ, ಹೆಂಗ ಒಡೀತೈತಿ ಅಂತ ಟಿವಿಯಾಗೇ ನೋಡೂದು ಒಂದ ಮಜಾ.

ಪ್ರಶ್ನೆ: ಬೇಂದ್ರೆ ಅಜ್ಜಾರ ಹಾಡು ಯಾವ ಪಿಚ್ಚರ್‌ನ್ಯಾಗ ಅದಾವ? (ಸಾಧನಕೇರಿ, ಧಾರವಾಡ)

ಉತ್ತರ: ಬೆಳ್ಳಿಮೋಡದಾಗ (1967) "ಮೂಡಲ ಮನೆಯ", ಶರಪಂಜರದಾಗ (1971) "ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ". ಎರಡೂ ಪುಟ್ಟಣ್ಣ ಕಣಗಾಲ್, ಎರಡರಾಗೂ ಕಲ್ಪನಾ, ಎರಡೂ ತ್ರಿವೇಣಿ ಅವ್ರ ಕಾದಂಬರಿ. ಸಾಧನಕೇರಿಯವ್ರಿಗೆ ಇದನ್ನ ನಾನು ಹೇಳಬೇಕಾತಲ್ಲಾ!

ಪ್ರಶ್ನೆ: ಸಣ್ಣ ಹುಡುಗರ ಜೋಡಿ ಕುಂತು ನೋಡೂವಂಥಾದ್ದು ಹೇಳ್ರಿ. (ಲಕ್ಷ್ಮೇಶ್ವರ)

ಉತ್ತರ: ಬೆಟ್ಟದ ಹೂವು, 1985, ಎನ್. ಲಕ್ಷ್ಮೀನಾರಾಯಣ್. ಪುನೀತ್ ಅವ್ರಿಗೆ ಬಾಲನಟ ರಾಷ್ಟ್ರ ಪ್ರಶಸ್ತಿ ಬಂದದ್ದು. ಬಡ ಹುಡುಗ ಒಬ್ಬಾಂವ ಕುವೆಂಪು ಅವ್ರ ಶ್ರೀ ರಾಮಾಯಣ ದರ್ಶನಂ ತಗೋಬೇಕಂತ ಪೈಸೆ ಪೈಸೆ ಕೂಡಿಸ್ತಾನ. ಪುಸ್ತಕಕ್ಕ ರೊಕ್ಕಾ ಕೂಡಿಸೂ ಹುಡುಗನ್ನ ನೋಡಿ ನಿಮ್ಮ ಮಕ್ಕಳು ಏನಂತಾರ ಬರೀರಿ. ಹುಡುಗ್ರಿಗೆ ಕತ್ತಿ, ಕುದುರಿ, ಬಡಿದಾಟ ಬೇಕಂದ್ರ ಕಾರ್ನಾಡರ ಒಂದಾನೊಂದು ಕಾಲದಲ್ಲಿ (1978), ಶಂಕರನಾಗ್ ಅವ್ರ ಮೊದಲ ಪಿಚ್ಚರ್. ಸ್ವಲ್ಪ ದೊಡ್ಡವರಾದ ಮ್ಯಾಲೆ ಕಾಡು (1973), ಅದೂ ಕಾರ್ನಾಡರದೇ. ಅಡವ್ಯಾಗಿನ ಒಂದು ಹಕ್ಕಿ ಹೆಸರ ಹಿಡದು ಕರೀತೈತಿ, ಓ ಅಂದ್ರ ಸತ್ರಿ ಅಂತ ಆ ಹುಡುಗ ನಂಬ್ಯಾನ. ಹುಡುಗ್ರು ಒಬ್ಬೊಬ್ಬರೇ ಇದ್ದಾಗ ರಾತ್ರಿ ತೋರಸಬ್ಯಾಡ್ರಿ.

ಪ್ರಶ್ನೆ: ಮನ್ಯಾಗ ಒಂದ ಟಿವಿ. ನಮ್ಮ ಮನಿಯವ್ರಿಗೆ ರಾಜಕುಮಾರ್ ಬಿಟ್ರ ಬ್ಯಾರೆ ಯಾರೂ ಬ್ಯಾಡ, ನನಗ ಸ್ವಲ್ಪ ಬ್ಯಾರೆ ಥರದ್ದು ಬೇಕು. ರಾತ್ರಿ ದಿನಾ ರಿಮೋಟಿಗೆ ಜಗಳಾ. (ನಿವೃತ್ತ ರೈಲ್ವೆ ನೌಕರ, ಗದಗ ರೋಡ್, ಹುಬ್ಬಳ್ಳಿ)

ಉತ್ತರ: ನಾಂದಿ ಹಚ್ರಿ, 1964. ಇದೂ ಎನ್. ಲಕ್ಷ್ಮೀನಾರಾಯಣ್ ಅವ್ರದೇ. ರಾಜಕುಮಾರ್ ಅದಾರ, ಹಂಗಾಗಿ ಮನಿಯವ್ರು ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲೆ ಅವ್ರು ರಾಜ ಅಲ್ಲಾ, ದೇವ್ರಲ್ಲಾ, ಸಾಲಿ ಮಾಸ್ತರ. ಮೊದಲನೇ ಹೆಂಡತಿ ಕಲ್ಪನಾ ಹೆರಿಗಿಯೊಳಗ ತೀರಕೋತಾಳ, ಆಮ್ಯಾಲೆ ಲಗ್ನಾ ಆಗೂದು ಕಿವಿ ಕೇಳದ, ಮಾತ ಬಾರದ ಹುಡುಗಿನ್ನ, ಅದು ಹರಿಣಿ. ಇಡೀ ಪಿಚ್ಚರ್ ತುಂಬ ಅಕಿ ಒಂದ ಮಾತ ಆಡೂದಿಲ್ಲ, ರಾಜಕುಮಾರ್ ಅವ್ರೂ ದನಿ ಏರಸೂದಿಲ್ಲ, ಎದುರಿಗೆ ಮಾತಾಡಲಾರದವ್ರು ಇದ್ದಾಗ ತಾವೂ ಹೆಂಗ ಸಣ್ಣಾಗಬೇಕು ಅಂತ ತಿಳಕೊಂಡ ಮಾಡಿದ ನಟನಾ ಅದು, ಅವ್ರ ಅಭಿಮಾನಿಗಳಿಗೂ ಇದು ಭಾಳ ಮಂದಿಗೆ ಗೊತ್ತಿಲ್ಲ. ಕಿವಿ ಕೇಳದವ್ರ ಕಥಿ, ಅದರಾಗ "ಹಾಡೊಂದ ಹಾಡುವೆ ನೀ ಕೇಳು ಮಗುವೆ" ಅನ್ನೋ ಹಾಡು, ಅದು ಬಂದಾಗ ವಾಲ್ಯೂಮ್ ಸ್ವಲ್ಪ ಏರಸ್ರಿ. ಮತ್ತ 4:3 ಒತ್ತೂದು ಮರೀಬ್ಯಾಡ್ರಿ.